ಕೆಂಪು ಪೆನ್ನಿಲ್ಲದ ಮೇಜು

ತೀರ್ಥರೂಪು ತಂದೆಯವರಿಗೆ ನಮಸ್ಕಾರಗಳು.

ಇಲ್ಲಿ ನಾನು ಕ್ಷೇಮ. ಭಾನುವಾರ ಫೋನಿನಲ್ಲಿ ಅಮ್ಮ "ಇವಳು ಅಲ್ಲಿಯೂ ಟ್ಯೂಷನ್‌ಗೆ ಹೋಗುತ್ತಿದ್ದಾಳಂತೆ" ಎಂದಾಗ ನೀವು ಒಂದು ಕ್ಷಣ ಸುಮ್ಮನಾದಿರಿ. ಆಮೇಲೆ "ಓದು ಕಷ್ಟವಾಗುತ್ತಿದೆಯೇನಮ್ಮ?" ಎಂದು ಕೇಳಿದಿರಿ. ಆ ಮೌನ ನನ್ನನ್ನು ವಾರವಿಡೀ ಕಾಡಿತು. ಫೋನಿನಲ್ಲಿ ವಿವರಿಸಲು ಹೋದರೆ ಸಮಜಾಯಿಷಿಯಂತೆ ಕೇಳಿಸುತ್ತದೆ, ಅದಕ್ಕೇ ಈ ಕಾಗದ.

ಅದು ಟ್ಯೂಷನ್ ಅಲ್ಲ ಅಪ್ಪ. ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದ ಮೊದಲ ಮಹಡಿಯಲ್ಲಿ ಬರವಣಿಗೆ ಕೇಂದ್ರ ಎಂದೊಂದು ಇದೆ. ಮುಂಚಿತವಾಗಿ ಸಮಯ ಕಾಯ್ದಿರಿಸಿದರೆ ಮುಕ್ಕಾಲು ಗಂಟೆ ಒಬ್ಬರು ನಮ್ಮ ಬರಹದ ಜೊತೆ ಕುಳಿತುಕೊಳ್ಳುತ್ತಾರೆ. ಶುಲ್ಕವಿಲ್ಲ, ಅಂಕವಿಲ್ಲ, ಹೋದದ್ದು ಪಾಠ ಮಾಡುವವರ ಕಿವಿಗೂ ಬೀಳುವುದಿಲ್ಲ. ದಡ್ಡರ ಸಾಲು ಅದು ಎಂದುಕೊಂಡು ನಾನೂ ಎರಡು ತಿಂಗಳು ಅತ್ತ ತಲೆ ಹಾಕಿರಲಿಲ್ಲ. ಕೊನೆಗೆ ಹೋದ ದಿನ, ನನಗಿಂತ ಮುಂಚೆ ಒಳಗಿದ್ದವರು ಪಿಎಚ್.ಡಿ. ಪ್ರಬಂಧದ ಕೊನೆಯ ಅಧ್ಯಾಯ ಹಿಡಿದುಕೊಂಡು ಹೊರಬಂದರು.

ನಾನು ಹೋದದ್ದು ಇಂಗ್ಲಿಷ್ ತಿದ್ದಿಸಿಕೊಳ್ಳಲು. ಎರಡು ಸಾವಿರ ಪದಗಳ ಪ್ರಬಂಧವನ್ನು ಮೇಜಿನ ಮೇಲಿಟ್ಟು "ವ್ಯಾಕರಣ ನೋಡಿಕೊಡಿ" ಎಂದೆ. ನನ್ನ ಜೊತೆ ಕುಳಿತ ಕೇಂದ್ರದ ಆಕೆ ಪೆನ್ನು ಮುಟ್ಟಲಿಲ್ಲ. ಕಾಗದವನ್ನು ನನ್ನ ಕಡೆಗೇ ತಿರುಗಿಸಿ, ಗಟ್ಟಿಯಾಗಿ ಓದು ಎಂದರು. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ನನಗೇ ಉಸಿರು ಕಟ್ಟಿತು. ಒಂದು ವಾಕ್ಯ ಐದು ಸಾಲು ಓಡಿತ್ತು, ಕರ್ತೃಪದ ಎಲ್ಲಿ ಕಳೆದುಹೋಗಿತ್ತೋ. ಆಮೇಲೆ ಒಂದೊಂದು ಪ್ಯಾರಾದ ಪಕ್ಕದಲ್ಲೂ ಅದು ಹೇಳುವುದನ್ನು ಏಳೆಂಟು ಪದಗಳಲ್ಲಿ ಬರೆಯಲು ಹೇಳಿದರು. ಒಂಬತ್ತು ಪ್ಯಾರಾಗಳಲ್ಲಿ ಮೂರರ ಪಕ್ಕದಲ್ಲೂ ನಾನು ಬರೆದದ್ದು ಅದೇ ಅದೇ ಮಾತು. ಇನ್ನೊಂದರ ಪಕ್ಕದಲ್ಲಿ ಬರೆಯಲು ಏನೂ ಸಿಗಲಿಲ್ಲ. "ಹಾಗಾದರೆ ನಿನ್ನ ಅಭಿಪ್ರಾಯ ಎಲ್ಲಿದೆ?" ಎಂದರು. ಹುಡುಕಿದೆ. ಕೊನೆಯ ಪ್ಯಾರಾದ ಕೊನೆಯ ಸಾಲಿನಲ್ಲಿ, ತರಗತಿಗೆ ತಡವಾಗಿ ಬಂದ ಹುಡುಗನ ಹಾಗೆ ಬಾಗಿಲಲ್ಲೇ ನಿಂತಿತ್ತು.

ಮುಕ್ಕಾಲು ಗಂಟೆ ಮುಗಿಯಿತು. ಒಂದು ಅಲ್ಪವಿರಾಮವನ್ನೂ ತಿದ್ದಿರಲಿಲ್ಲ. ನಿಜ ಹೇಳುತ್ತೇನೆ, ಕೋಪ ಬಂದಿತ್ತು. ಇದು ಅವರ ಸೋಮಾರಿತನವಲ್ಲ, ಕಸುಬಿನ ಕಟ್ಟಳೆ ಎಂದು ಆಮೇಲೆ ತಿಳಿಯಿತು. ಸ್ಟೀಫನ್ ನಾರ್ತ್ ಎಂಬ ಅಮೆರಿಕದ ಪ್ರಾಧ್ಯಾಪಕರು 1984ರ ಲೇಖನವೊಂದರಲ್ಲಿ, ಇಂಥ ಕೇಂದ್ರಗಳ ಕೆಲಸ ಬರಹವನ್ನು ಸುಧಾರಿಸುವುದಲ್ಲ, ಬರೆಯುವವರನ್ನು ಸುಧಾರಿಸುವುದು ಎಂದು ವಾದಿಸಿದ್ದರು. ಕೇಳಲು ಚೆಂದ. ನಾಳೆ ಸಲ್ಲಿಸಬೇಕಾದವಳಿಗೆ ಮಾತ್ರ ಕಹಿ.

ಎರಡನೆಯ ಭೇಟಿಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ವಿಷಯ ಬಂತು. ಪುಸ್ತಕದ ವಾಕ್ಯವನ್ನೇ ತೆಗೆದುಕೊಂಡು, ನಾಲ್ಕು ಪದಗಳಿಗೆ ಸಮಾನಾರ್ಥಕ ಹಾಕಿ, ಪಕ್ಕದಲ್ಲಿ ಲೇಖಕರ ಹೆಸರು, ಇಸವಿ ಬರೆದರೆ ಋಣ ತೀರಿತು ಎಂದು ನಾನು ತಿಳಿದಿದ್ದೆ. ಅದೂ ಕೃತಿಚೌರ್ಯದ ಲೆಕ್ಕಕ್ಕೆ ಬರಬಹುದಂತೆ, ಏಕೆಂದರೆ ವಾಕ್ಯದ ಎಲುಬು ಅವರದೇ ಉಳಿದಿರುತ್ತದೆ. ನನ್ನ ಕೈಕಾಲು ತಣ್ಣಗಾದವು. ದೊಡ್ಡವರ ಮಾತನ್ನು ಬದಲಿಸಬಾರದು ಎಂದೇ ಕಲಿತವಳು ನಾನು. ಕದಿಯುವ ಉದ್ದೇಶ ಎಲ್ಲಿತ್ತು? ಆಕೆ ಬೈಯಲಿಲ್ಲ. ಪುಸ್ತಕ ಮುಚ್ಚು, ಅದರಲ್ಲಿ ಏನಿತ್ತೆಂದು ಮನೆಯವರಿಗೆ ಹೇಳುವ ಹಾಗೆ ಹೇಳು, ಬೇಕಾದರೆ ನಿನ್ನ ಭಾಷೆಯಲ್ಲೇ ಹೇಳಿಕೋ ಎಂದರು. ಅಲ್ಲೇ ಕುಳಿತು ಮನಸ್ಸಿನಲ್ಲಿ ನಿಮಗೆ ಕನ್ನಡದಲ್ಲಿ ಹೇಳಿದೆ ಅಪ್ಪ. ನೀವು ನಡುನಡುವೆ "ಅಂದರೆ?" ಎಂದು ಕೇಳಿದಿರಿ ಕೂಡ. ಅದನ್ನೇ ಇಂಗ್ಲಿಷಿಗೆ ಇಳಿಸಿದಾಗ ಮೂಲದ ಒಂದು ವಾಕ್ಯವೂ ಉಳಿದಿರಲಿಲ್ಲ, ಅರ್ಥ ಪೂರ್ತಿ ಇತ್ತು. ಮತ್ತೆ ಪುಸ್ತಕ ತೆರೆದು ತಾಳೆ ನೋಡಿ, ಹೆಸರು, ಇಸವಿ ಹಾಕುವುದು ಕೊನೆಯ ಕೆಲಸ. (ಹೋಲಿಕೆ ಹುಡುಕುವ ತಂತ್ರಾಂಶ ಶೇಕಡಾ ಇಷ್ಟು ಎಂದು ತೋರಿಸಿದರೆ ಅಷ್ಟೂ ಕಳವು ಎಂದಲ್ಲ, ಉದ್ಧರಣೆಗಳನ್ನೂ ಆಕರಗಳ ಪಟ್ಟಿಯನ್ನೂ ಅದು ಎಣಿಸಿಬಿಡಬಹುದು. ಇದು ತಿಳಿಯದೆ ಒಂದು ರಾತ್ರಿ ನಿದ್ದೆಗೆಟ್ಟಿದ್ದೇನೆ.)

ಓದುವ ಬಗೆಯನ್ನು ಕುರಿತೂ ಒಂದು ಕಾರ್ಯಾಗಾರ ನಡೆಸಿದರು. ಪುಟದ ಎಡಗಡೆ ಪ್ರಶ್ನೆಗಳಿಗೆ ಜಾಗ ಬಿಟ್ಟು ಟಿಪ್ಪಣಿ ಬರೆಯುವ ಕಾರ್ನೆಲ್ ಪದ್ಧತಿ ನನಗೆ ಒಗ್ಗಲಿಲ್ಲ. ಆದರೆ ಒಂದು ಸಂಗತಿಯನ್ನು ನಿಮಗೆ ಹೇಳಲೇಬೇಕು. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಓದಿದರು, ಕೆಲವರು ಅದನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ನೆನಪಿನಿಂದ ಬರೆದವರು ಮುಂದೆ. "ಪುಸ್ತಕ ಮುಚ್ಚಿ ಒಪ್ಪಿಸು" ಎಂದು ನೀವು ನಮ್ಮಿಬ್ಬರನ್ನೂ ಅಳಿಸುತ್ತಿದ್ದಿರಲ್ಲ, ಅದಕ್ಕೆ ಪುರಾವೆ ಸಿಕ್ಕಿತು. ಆದರೆ ಪೂರ್ತಿ ಬೀಗಬೇಡಿ: ನೀವು ಅಕ್ಷರಕ್ಕಕ್ಷರ ಕೇಳುತ್ತಿದ್ದಿರಿ, ಇವರು ಸ್ವಂತ ಮಾತಿನಲ್ಲಿ ಕೇಳುತ್ತಾರೆ.

ಅಂಕ ಎಷ್ಟು ಬಂತು ಎಂದು ಕೇಳುತ್ತೀರಿ, ಗೊತ್ತು. ಹಿಂದಿನದಕ್ಕಿಂತ ಆರು ಹೆಚ್ಚು. ವ್ಯಾಕರಣದ ತಪ್ಪುಗಳು ಇನ್ನೂ ಇವೆ. ಪರೀಕ್ಷಕರು ಅವುಗಳ ಕೆಳಗೆ ಗೆರೆ ಎಳೆದು, ಪುಟದ ಕೊನೆಯಲ್ಲಿ "ವಾದ ಸ್ಪಷ್ಟವಾಗಿದೆ" ಎಂದು ಬರೆದಿದ್ದಾರೆ. ಕೇಂದ್ರದಲ್ಲಿ ಕೊರತೆಯೇ ಇಲ್ಲವೆಂದಲ್ಲ. ಸಲ್ಲಿಕೆಯ ವಾರ ಬಂದರೆ ಸಮಯವೇ ಸಿಗುವುದಿಲ್ಲ. ವಿಷಯದಲ್ಲೇ ತಪ್ಪಿದ್ದರೆ ಅವರಿಗೆ ಗೊತ್ತಾಗುವುದೂ ಇಲ್ಲ, ಅದನ್ನು ಪ್ರಾಧ್ಯಾಪಕರನ್ನೇ ಕೇಳಬೇಕು.

ತಂಗಿ ತನ್ನ ಪ್ರಾಜೆಕ್ಟ್ ವರದಿಯನ್ನು ತಿದ್ದಿಕೊಡು ಎಂದು ಕಳುಹಿಸಿದ್ದಾಳೆ. ಅಕ್ಕ ತಿದ್ದುವುದಿಲ್ಲವಂತೆ ಎಂದು ಹೇಳಿಬಿಡಿ. ಅವಳು ನಿಮ್ಮೆದುರು ಕುಳಿತು ಗಟ್ಟಿಯಾಗಿ ಓದಲಿ. ವಿಷಯ ನಿಮಗೆ ಅರ್ಥವಾಗದಿದ್ದರೂ ಚಿಂತೆಯಿಲ್ಲ, ಅವಳು ಎಲ್ಲಿ ತಡವರಿಸುತ್ತಾಳೋ ಅಲ್ಲಿ "ಅಂದರೆ?" ಎಂದು ಕೇಳಿ. ಕೈಯಲ್ಲಿ ಪೆನ್ನು ಮಾತ್ರ ಹಿಡಿಯಬೇಡಿ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಟ್ಯೂಷನ್ ಅಲ್ಲವೆಂಬುದನ್ನೂ.

ಇಂತಿ ನಿಮ್ಮ ಪ್ರೀತಿಯ ಮಗಳು