ಗಡಿಯಾರ ಹಿಡಿಯುವ ಮುಂಚೆ

ಪ್ರೀತಿಯ ಪುಟ್ಟಿ,

ನಿನ್ನ ಕ್ಲಾಸಿನ ಪುಟಾಣಿಗಳಿಗೆ ಒಂದು ನಿಮಿಷದ ಅಕ್ಷರ ಪರೀಕ್ಷೆ, ಅಂದರೆ ಹಾಳೆಯಲ್ಲಿರುವ ಅಕ್ಷರಗಳಲ್ಲಿ ಒಂದು ನಿಮಿಷಕ್ಕೆ ಎಷ್ಟನ್ನು ಸರಿಯಾಗಿ ಓದಿ ಹೇಳುತ್ತಾರೆ ಅಂತ ನೋಡುವುದು, ಮಾಡಬೇಕು ಅಂತ ಬರೆದಿದ್ದೀಯ. ನಾಲ್ಕು ಮಾತು ಹೇಳುತ್ತೇನೆ.

ಅಕ್ಷರಗಳನ್ನು ವರ್ಣಮಾಲೆಯ ಸಾಲಿನಲ್ಲಿ ಬರೆಯಬೇಡ, ಕಲಸಿ ಬರೆ. ಅ ಆ ಇ ಈ ಅಂತ ಹಾಡಿಕೊಂಡು ಹೋಗುವ ಮಗು ಹಾಳೆ ನೋಡಿರುವುದೇ ಇಲ್ಲ. ಸಾಮಾನ್ಯವಾಗಿ 100 ಅಕ್ಷರ, 60 ಸೆಕೆಂಡು ಇರುತ್ತದೆ. ಒಂದು ಅಕ್ಷರದ ಮೇಲೆ 3 ಸೆಕೆಂಡು ನಿಂತುಬಿಟ್ಟರೆ ಮುಂದಿನದಕ್ಕೆ ಬೆರಳು ತೋರಿಸು, ನಿಂತದ್ದನ್ನು ತಪ್ಪು ಅಂತ ಗುರುತು ಹಾಕು. ತಾನೇ ತಿದ್ದಿಕೊಂಡರೆ ಅದು ಸರಿ. 34 ಹೇಳಿ 6 ತಪ್ಪಿದರೆ ಅಂಕಿ 28. 50 ಸೆಕೆಂಡಿಗೇ ಹಾಳೆ ಮುಗಿಸಿ 90 ಸರಿ ಹೇಳಿದರೆ, ನಿಮಿಷಕ್ಕೆ 108.

ಗಡಿಯಾರ ಯಾಕೆ ಅಂತ ನಿನಗೆ ಅನ್ನಿಸಬಹುದು. ತಡಕಾಡಿ ಹೇಳುವುದು ಬೇರೆ, ಕಂಡ ಕೂಡಲೇ ಹೇಳುವುದು ಬೇರೆ, ಅಲ್ವಾ? ಅಕ್ಷರ ಗುರುತಿಸುವುದರಲ್ಲೇ ಮಗು ದಣಿದರೆ ಪದ ಕೂಡಿಸುವುದು ಯಾವಾಗ, ಅರ್ಥ ಹಿಡಿಯುವುದು ಯಾವಾಗ? ಯಾರಿಗೆ ಜಾಸ್ತಿ ಸಹಾಯ ಬೇಕು ಅಂತ ಬೇಗ ತಿಳಿಯಲಿಕ್ಕೆ ಈ ಅಂಕಿ.

ಅಷ್ಟಕ್ಕೇ ಅದನ್ನು ಬಳಸು. ಅಂಕಿ ಏರಲಿ ಅಂತ ದಿನಾ ಗಡಿಯಾರ ಇಟ್ಟು ಉರು ಹೊಡೆಸಬೇಡ. ಥರ್ಮಾಮೀಟರನ್ನು ತಣ್ಣೀರಿಗೆ ಅದ್ದಿದರೆ ಮಗುವಿನ ಜ್ವರ ಇಳಿಯುತ್ತದಾ? ಅಕ್ಷರದ ಸದ್ದು, ಆ ಸದ್ದಿನ ಪದಗಳು, ಬರೆಯುವುದು, ಕಥೆ ಕೇಳುವುದು ನಡೆಯುತ್ತಿರಲಿ. ವೇಗ ತಾನಾಗಿ ಹಿಂದೆಯೇ ಬರುತ್ತದೆ.

ನನ್ನಿಂದಾದ ಒಂದು ತಪ್ಪು ಈಗಲೂ ಚುಚ್ಚುತ್ತದೆ. ಒಬ್ಬ ಹುಡುಗ ಶ ಬಂದಾಗಲೆಲ್ಲ ಸ ಅನ್ನುತ್ತಿದ್ದ. ಪ್ರತಿ ಸಲವೂ ಗೀಟು ಹಾಕಿದೆ. ನನ್ನ ಪೆನ್ಸಿಲ್ ಸದ್ದು ಕೇಳಿಸಿದಾಗಲೆಲ್ಲ ಅವನ ಬೆರಳು ಹಾಳೆಯ ಮೇಲೆ ತಡೆದು ನಿಲ್ಲುತ್ತಿತ್ತು. ಆಮೇಲೆ ಗೊತ್ತಾಯಿತು, ಅವನ ನಾಲಿಗೆಗೆ ಶ ಇನ್ನೂ ಹೊರಳುತ್ತಿರಲಿಲ್ಲ. ಅಕ್ಷರ ಅವನಿಗೆ ಗೊತ್ತಿತ್ತು. ಉಚ್ಚಾರಣೆಯ ತೊಡಕಿಗೆ, ಮನೆಮಾತಿನ ಧಾಟಿಗೆ ಅಂಕ ಕಳೆಯಬಾರದು. ಗುರುತು ಹಾಕುವ ಹಾಳೆಯನ್ನು ಮಗುವಿಗೆ ಕಾಣದ ಹಾಗೆ ಹಿಡಿ. ಗಡಿಯಾರವನ್ನೂ ಅಷ್ಟೇ.

ಇನ್ನೊಂದು ಮಾತು. ಸುಮ್ನೆ 28 ಅಂತ ಬರೆದು ಬಿಡಬೇಡ. ಪಕ್ಕದಲ್ಲಿ ತಪ್ಪಿದ ಅಕ್ಷರಗಳನ್ನೂ ಬರೆ. ಬ-ಭ, ದ-ಧ ಅದಲುಬದಲು ಆಗುತ್ತಿದೆಯಾ, ಅಥವಾ ಎಲ್ಲ ಸರಿ ಇದ್ದೂ ನಿಧಾನವಾ? ಇಬ್ಬರಿಗೂ ಅಂಕಿ ಒಂದೇ ಬರಬಹುದು, ಕಲಿಸುವ ರೀತಿ ಮಾತ್ರ ಬೇರೆ.

ಮೊದಲ ಸಲದ ಹಾಳೆಗಳನ್ನು ರಜೆಗೆ ಬರುವಾಗ ತೆಗೆದುಕೊಂಡು ಬಾ. ಕೂತು ನೋಡೋಣ.

ನಿನ್ನ
ದೊಡ್ಡಮ್ಮ