ಹೆರಿಗೆ, ಎದೆಹಾಲು ಮತ್ತು ಸ್ತನ ಕ್ಯಾನ್ಸರ್: ಎಲ್ಲರೂ ಓದಿ

ಬದಿಯಡ್ಕ ಕುಟುಂಬಶ್ರೀ ಗುಂಪಿನ ಅಕ್ಕ ತಂಗಿಯರೇ,

ಗರ್ಭಪಾತ ಆದವರಿಗೆ ಸ್ತನ ಕ್ಯಾನ್ಸರ್ ಬರುತ್ತದೆ ಎಂಬ ಫಾರ್ವರ್ಡ್ ಮೆಸೇಜ್ ಇಲ್ಲಿ ಓಡಾಡುತ್ತಿದೆ. ದಯವಿಟ್ಟು ಮುಂದೆ ಕಳಿಸಬೇಡಿ. 16 ದೇಶಗಳ 53 ಅಧ್ಯಯನಗಳನ್ನು 2004ರಲ್ಲಿ ಒಟ್ಟು ಸೇರಿಸಿ ನೋಡಿದಾಗ ಅಂಥ ಸಂಬಂಧ ಕಾಣಲಿಲ್ಲ. ಗರ್ಭ ಹೋಗಿ ನೊಂದವರ ಮೇಲೆ ಸುಮ್ನೆ ಈ ಭಯವನ್ನೂ ಯಾಕೆ ಹೊರಿಸಬೇಕು?

ಸಂಬಂಧ ಇರುವುದು ಮುಟ್ಟು, ಬಸಿರು ನಡೆಸುವ ಹೆಣ್ಣು ಹಾರ್ಮೋನಿಗೆ. 12 ವರ್ಷಕ್ಕೆ ಮೊದಲೇ ಮುಟ್ಟು ಶುರುವಾದವರಿಗೆ, 55 ದಾಟಿದ ಮೇಲೆ ನಿಂತವರಿಗೆ ಅಪಾಯ ಸ್ವಲ್ಪ ಜಾಸ್ತಿ. ಮೊದಲ ಹೆರಿಗೆ 30ರ ನಂತರ ಆದವರಿಗೆ, ಹೆರದವರಿಗೂ ಹಾಗೆಯೇ. ಎದೆಹಾಲು ಕೊಟ್ಟರೆ ಅಪಾಯ ಇಳಿಯುತ್ತದೆ. 30 ದೇಶಗಳ 47 ಅಧ್ಯಯನಗಳ 2002ರ ಲೆಕ್ಕದಲ್ಲಿ ಹಾಲು ಕೊಟ್ಟ ಪ್ರತಿ 12 ತಿಂಗಳಿಗೆ ಶೇ 4.3, ಅದರ ಮೇಲೆ ಪ್ರತಿ ಹೆರಿಗೆಗೆ ಶೇ 7 ಕಡಿಮೆ. ಎಲ್ಲ ಮಕ್ಕಳಿಗೆ ಕೊಟ್ಟ ತಿಂಗಳುಗಳನ್ನೂ ಕೂಡಿಸಿ ಲೆಕ್ಕ ಹಾಕುವುದು.

ಆದರೆ ಹೆರಿಗೆಯಾದ ಮೊದಲ ಕೆಲವು ವರ್ಷ ಅಪಾಯ ತುಸು ಏರುತ್ತದೆ. ಇದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಬಾಣಂತಿಯ ಎದೆಯಲ್ಲಿ ಗಂಟು ಸಿಕ್ಕರೆ "ಹಾಲು ಕಟ್ಟಿದೆ" ಎಂದು ಬಿಟ್ಟುಬಿಡುತ್ತೇವೆ, ಅಲ್ವಾ? ಹೆಚ್ಚಿನ ಸಲ ಅದು ಹಾಲೇ. ಆದರೂ ಎರಡು ವಾರದಲ್ಲಿ ಕರಗದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ಐದು ಹೆತ್ತವರಿಗೂ ಈ ರೋಗ ಬಂದದ್ದುಂಟು. ಹೆರದವರಲ್ಲಿ ಹೆಚ್ಚಿನವರಿಗೆ ಬರುವುದೇ ಇಲ್ಲ. ಮಕ್ಕಳಿಲ್ಲದ ಕಾರಣ ಬಂತು ಎಂದು ರೋಗಿಯ ಎದುರು ಯಾರೂ ಹೇಳಬೇಡಿ.

ಆಸ್ಪತ್ರೆಯಲ್ಲಿ ಮಲಯಾಳದಲ್ಲಿ ಮಾತಾಡಲು ಕಷ್ಟವಾದರೆ ಗುಂಪಿನಲ್ಲಿ ತಿಳಿಸಿ. ಯಾರಾದರೂ ಜೊತೆಗೆ ಬರುತ್ತೇವೆ.