ಗೆಳೆಯನಿಗೊಂದು ಗಾಲ್ಫ್ ಪತ್ರ: 9 ಐರನ್‌ಗೆ ಟೀ ಹಾಕ್ಬೇಕಾ?

ಲೋ ಮಗಾ,

ಫೋನ್ ಮಾಡಿದ್ರೆ "ಹುಲ್ಲು ಕತ್ತರಿಸೋ ಮೊವರ್ ಮೇಲಿದೀನಿ, ಆಮೇಲೆ" ಅಂತ ಇಟ್ಟುಬಿಡ್ತೀಯ, ಅದಕ್ಕೇ ಇಲ್ಲಿ ಬರೀತಿದೀನಿ. ನಾಲ್ಕು ಜನ ಓದ್ಲಿ ಬಿಡು, ಆಡೋರು ಯಾರಾದ್ರೂ ಇದ್ರೆ ಅವರೂ ಒಂದು ಮಾತು ಹೇಳ್ಲಿ. ವಿಷಯ ಇಷ್ಟೇ, ಪಾರ್ ತ್ರೀಲಿ, ಅಂದ್ರೆ ಮೂರೇ ಹೊಡೆತಕ್ಕೆ ಮುಗಿಸಬೇಕಾದ ಚಿಕ್ಕ ಹೋಲಲ್ಲಿ, 9 ಐರನ್‌ನಂಥ ಗಿಡ್ಡ ಕಬ್ಬಿಣದ ಕ್ಲಬ್ (ಹೊಡೆಯೋ ಕೋಲು) ಹಿಡಿದಾಗ ಟೀ, ಅಂದ್ರೆ ಚೆಂಡು ಕೂರಿಸೋ ಪುಟ್ಟ ಗೂಟ, ಹಾಕ್ಬೇಕಾ, ಬೇಡ್ವಾ?

ಹೋದ ಭಾನುವಾರ ಆಫೀಸಿನವರ ಜೊತೆ ಆಡೋಕೆ ಹೋಗಿದ್ದೆ. ಗುಳಿ ಹತ್ರದ ಬಾವುಟಕ್ಕೆ 128 ಯಾರ್ಡ್, ರಾತ್ರಿ ಮಳೆ ಬಂದು ನೆಲ ಮೆತ್ತಗಿತ್ತು, 9 ಐರನ್ ತಗೊಂಡು ಚೆಂಡನ್ನ ಸೀದಾ ಹುಲ್ಲಿನ ಮೇಲಿಟ್ಟೆ. ಜೊತೇಲಿದ್ದ ಹಿರಿಯರೊಬ್ರು ಜೇಬಿಂದ ಟೀ ತೆಗೆದು "ರೂಲ್ಸೇ ಕೊಟ್ಟಿರೋ ಸೌಲಭ್ಯ, ಯಾಕೆ ಬಿಡ್ತೀರಿ" ಅಂದ್ರು. ಬೇಡ ಸಾರ್ ಅಂದೆ. ಹೊಡೆದೆ. ಚೆಂಡಿಗಿಂತ ಮುಂಚೆ ನೆಲ ಸಿಕ್ತು, ಒಂದು ಹಿಡಿ ಮಣ್ಣು ಹಾರ್ತು, ಚೆಂಡು ಗುಳಿ ಸುತ್ತಲಿನ ನುಣ್ಣನೆ ಹುಲ್ಲು, ಗ್ರೀನ್, ಮುಟ್ಟಲೇ ಇಲ್ಲ.

ಬುಧವಾರ ಅಭ್ಯಾಸ ಮಾಡೋ ರೇಂಜಿಗೆ ಹೋಗಿ ಮ್ಯಾಟ್ ಬಿಟ್ಟು ಹುಲ್ಲಿನ ಕಡೆ ನಿಂತು 20 ಚೆಂಡು ನೆಲದಿಂದ, 20 ಟೀ ಮೇಲಿಂದ ಹೊಡೆದೆ. ಟೀ ಅಂದ್ರೆ ದೂರ ಹೊಡೆಯೋ ಕ್ಲಬ್ಬು ಡ್ರೈವರ್‌ಗೆ ಹಾಕೋ ಎತ್ತರ ಅಲ್ಲ, ಅದರ ತಲೆ ಮಾತ್ರ ಹುಲ್ಲಿನ ಮೇಲೆ ಕಾಣೋ ಹಂಗೆ ಪೂರ್ತಿ ಒತ್ತಿ. ವ್ಯತ್ಯಾಸ ಇದೆ ಮಗಾ, ಸುಳ್ಳು ಹೇಳಲ್ಲ. ಕ್ಲಬ್ಬಿನ ಮುಖ, ಅಂದ್ರೆ ಫೇಸಿಗೂ ಚೆಂಡಿಗೂ ಮಧ್ಯ ಹುಲ್ಲು ಸಿಕ್ಕಾಕಿಕೊಂಡ್ರೆ ಅದರ ಮೇಲಿನ ಗೀರುಗಳು ಚೆಂಡನ್ನ ಹಿಡಿಯಲ್ಲ, ಸ್ಪಿನ್ ಕಮ್ಮಿ ಆಗುತ್ತೆ, ಒಂದೊಂದ್ಸಲ ಬಿದ್ದ ಮೇಲೂ ಓಡಿಹೋಗುತ್ತೆ. ಟೀ ಮೇಲಿಂದ ಹೊಡೆದದ್ದು ಬಿದ್ದ ಜಾಗದಲ್ಲೇ ಕೂರ್ತಿತ್ತು. ಆದ್ರೆ ಸ್ವಲ್ಪ ಎತ್ತರ ಇಟ್ರೂ ಕೆಡುತ್ತೆ, ಚೆಂಡು ಫೇಸಿನ ಮೇಲ್ಭಾಗಕ್ಕೆ ಬಿದ್ದು ಸುಮ್ನೆ ಮೇಲೇರಿ ದೂರ ಹೋಗಲ್ಲ, ಮೇಲಿಂದ ಕೆಳಕ್ಕೆ ಹೊಡೀಬೇಕಾದ ಕೈ ಎತ್ತಿ ಹೊಡೆಯೋ ಆಸೆಗೆ ಬೀಳುತ್ತೆ. ದಿಗ್ಗಜ ಆಟಗಾರ ಜಾಕ್ ನಿಕ್ಲಾಸ್‌ನಂಥೋರೇ ಮಣ್ಣಿಗಿಂತ ಗಾಳಿ ಅಡ್ಡ ಬರೋದು ಕಮ್ಮಿ ಅಂತ ಟೀ ಹಾಕು ಅಂತಿದ್ರು. ಆ ಕಡೆ ಇಂಗ್ಲೆಂಡಿನ ಆಟಗಾರ್ತಿ ಲಾರಾ ಡೇವಿಸ್ ಕೈಲಿರೋ ಕ್ಲಬ್ಬಿಂದ್ಲೇ ನೆಲ ಕುಟ್ಟಿ ಹುಲ್ಲೆಬ್ಬಿಸಿ ಅದರ ಮೇಲೆ ಚೆಂಡಿಟ್ಟು ಹೊಡೀತಿದ್ರು. ಅದೂ ಒಂಥರಾ ಟೀನೇ ತಾನೆ.

ಹೋಲಿನ ಮೊದಲ ಹೊಡೆತ ಹೊಡೆಯೋ ಜಾಗ, ಟೀಯಿಂಗ್ ಏರಿಯಾ, ಬಿಟ್ರೆ ಬೇರೆಲ್ಲೂ ಟೀ ಹಾಕಂಗಿಲ್ಲ. ಅಂದ್ರೆ 9 ಐರನ್‌ಗೆ ಆ ಅದೃಷ್ಟ ಸಿಗೋದೇ ಪಾರ್ ತ್ರೀಲಿ. ಹಂಗಿದ್ರೂ ನನ್ನ ಕೈ ಜೇಬಿಗೆ ಹೋಗಲ್ಲ, ಯಾಕೆ ಅಂತ ನಿಂಗೆ ಗೊತ್ತು. ಆಗೆಲ್ಲಾ ಸೋಮವಾರ ಕೋರ್ಸ್ ಮುಚ್ಚಿರ್ತಿತ್ತು, ನಮ್ಮಿಬ್ಬರಿಗೂ ಸೇರಿ ಇದ್ದದ್ದು ಗ್ರಿಪ್ ಸವೆದುಹೋದ ಒಂದೇ ಒಂದು ಐರನ್, ಹೊಡೀತಿದ್ದದ್ದು ಆ ಕೆಂಪು ನೆಲದ ಮೇಲಿಂದ. "ನೆಲದಿಂದ ಎತ್ತೋಕೆ ಬಂದ್ರೆ ಎಲ್ಲಿಂದ ಬೇಕಾದ್ರೂ ಎತ್ತಬಹುದು" ಅಂತ ನೀನು ಹೇಳ್ತಿದ್ದೆ. ನನ್ನ ಐರನ್ ಅಂತ ಏನಾದ್ರೂ ಇದ್ರೆ ಅದು ನೀನು ಹೇಳ್ಕೊಟ್ಟಿದ್ದು. ಅಲ್ಲಿ ಮೇಯ್ತಿದ್ದ ಎಮ್ಮೆ ಸಾಕ್ಷಿ.

ಇಲ್ಲಿಗೆ ನಿಲ್ಲಿಸೋಣ ಅಂತಿದ್ದೆ.

ಆ ಹಿರಿಯರು ಮುಂದಿನ ಹೋಲಿಗೆ ನಡೀತಾ "ಟೀ ಇಲ್ದೆ ಹೊಡೆಯೋ ಅಭ್ಯಾಸ ಎಲ್ಲಿಂದ ಬಂತು, ಎಲ್ಲಿ ಕಲಿತ್ರಿ" ಅಂತ ಕೇಳಿದ್ರು. ಯೂಟ್ಯೂಬ್ ನೋಡಿ ಅಂದೆ. ಬಾಯಿಂದ ಬಂದೇಬಿಡ್ತು, ಯೋಚನೆ ಮಾಡೋಕೂ ಪುರುಸೊತ್ತು ಕೊಡ್ಲಿಲ್ಲ. ಆಮೇಲೆ ಬೇರೆಯವರು ಪಟ್ ಮಾಡೋವಾಗ, ಅಂದ್ರೆ ಚೆಂಡನ್ನ ಗುಳಿಗೆ ಉರುಳಿಸೋವಾಗ, ನನ್ನ ಕೈ ತಾನಾಗೇ ಹೋಗಿ ಬ್ಯಾಗಲ್ಲಿದ್ದ ಕ್ಲಬ್‌ಗಳನ್ನ ಸದ್ದಾಗದ ಹಂಗೆ ತಬ್ಬಿ ಹಿಡ್ಕೊಂಡಿತ್ತು, ನಾವು ಹಿಡ್ಕೊಳ್ತಿದ್ವಲ್ಲ ಹಂಗೇ. ನಮ್ಮ ಜೊತೆ ಬ್ಯಾಗ್ ಹೊರೋಕೆ ಬಂದಿದ್ದ ಕ್ಯಾಡಿ, ನಮ್ಮಪ್ಪನ ವಯಸ್ಸಿನವರು, ಅದನ್ನ ನೋಡಿದ್ರು. ಪಕ್ಕಕ್ಕೆ ಬಂದು ಮೆಲ್ಲಗೆ "ಯಾವ ಕೋರ್ಸಲ್ಲಿದ್ರಿ ಸಾರ್?" ಅಂದ್ರು. ಅವರ ಮುಖದಲ್ಲಿ ಖುಷಿ ಇತ್ತು ಮಗಾ, ನಮ್ಮವನೊಬ್ಬ ಸಿಕ್ಕ ಅನ್ನೋ ಖುಷಿ. ನಾನು ಕೇಳಿಸದವನ ಹಂಗೆ ಮುಂದೆ ಹೋಗ್ಬಿಟ್ಟೆ.

ಅವತ್ತಿಂದ ನಿದ್ದೆ ಸರಿಯಿಲ್ಲ. ಬಿಡದಿ ಕಡೆ ಹಳ್ಳಿ ಹುಡುಗ ಚಿಕ್ಕರಂಗಪ್ಪ ಪ್ರೊ ಆಗಿ ಏಷ್ಯನ್ ಟೂರ್ ಆಡಿದ್ರೆ ನೀನು ಪೇಪರ್ ಕಟಿಂಗ್ ಹಿಡ್ಕೊಂಡು ಊರೆಲ್ಲಾ ತೋರಿಸ್ಕೊಂಡು ಬಂದೋನು. ನನಗೆ ಎಂಟು ವರ್ಷದಿಂದ ಆಫೀಸಲ್ಲಿ ಒಬ್ರಿಗೂ ನಾನು ಬ್ಯಾಗ್ ಹೊತ್ತಿದ್ದೆ ಅಂತ ಹೇಳೋಕಾಗಿಲ್ಲ. ಅದನ್ನ ಮುಚ್ಚಿಟ್ಟಾಗೆಲ್ಲಾ ನಿನ್ನನ್ನೂ ಮುಚ್ಚಿಟ್ಟಿದೀನಿ. ನನಗಿಂತ ಚೆನ್ನಾಗಿ ಆಡ್ತಿದ್ದೋನು ನೀನು.

ಈ ಮರದ ಟೀ ಬರೋಕೆ ಮುಂಚೆ ಮರಳನ್ನ ಒದ್ದೆ ಮಾಡಿ ಚಿಟಿಕೆ ಗುಡ್ಡೆ ಕಟ್ಟಿ ಅದರ ಮೇಲೆ ಚೆಂಡು ಕೂರಿಸ್ತಿದ್ದದ್ದು ಕ್ಯಾಡಿಗಳೇ ಅಂತೆ. ಬಾಸ್ಟನ್ನಲ್ಲಿ ಜಾರ್ಜ್ ಗ್ರಾಂಟ್ ಅಂತ ಒಬ್ರು ಹಲ್ಲಿನ ಡಾಕ್ಟ್ರು, ಆಫ್ರಿಕನ್ ಅಮೆರಿಕನ್, ಅವರಪ್ಪ ಅಮ್ಮ ಗುಲಾಮಗಿರಿಯಿಂದ ಹೊರಗೆ ಬಂದೋರು, 1899ರಲ್ಲಿ ಮರದ ಟೀಗೆ ಪೇಟೆಂಟ್ ತಗೊಂಡ್ರು. ಅದನ್ನ ಮಾರೋಕೆ ಹೋಗ್ಲಿಲ್ಲ, ಗೆಳೆಯರಿಗೆ ಹಂಚಿದ್ರು. ಇದನ್ನ ಓದಿದಾಗ ಮೊದಲು ನೆನಪಾಗಿದ್ದು ನೀನೇ.

ಸರಿ, ಸಾಕು. ಹೇಳ್ಬೇಕು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ಆಯ್ತು, ಅಳಿಸೋದೂ ಇಲ್ಲ. ಟೀ ವಿಷಯಕ್ಕೆ ಬರ್ತೀನಿ. ಪಾರ್ ತ್ರೀಲಿ ಇನ್ಮೇಲೆ ಹಾಕ್ತೀನಿ, ಮಳೆಗಾಲದಲ್ಲಂತೂ ಖಂಡಿತ. ಮಧ್ಯದ ಹುಲ್ಲುಹಾದಿ ಫೇರ್‌ವೇಲಿ ನಿನ್ನ ಪಾಠನೇ. ಹೊಸ ಟೀನೂ ಬೇಕಾಗಿಲ್ಲ, ಟೀಯಿಂಗ್ ಏರಿಯಾ ಪಕ್ಕ ಬಿದ್ದಿರೋ ಮುರಿದ ತುಂಡುಗಳೇ ಐರನ್‌ಗೆ ಸರಿಯಾದ ಅಳತೆ, ಒಂಬತ್ತು ಆರಿಸಿಟ್ಟಿದೀನಿ, ಐದು ನಿಂಗೆ. ಈ ಭಾನುವಾರ ಆಫೀಸಿನವರ ಜೊತೆ ನೀನೂ ಆಡೋಕೆ ಬಾ, ಬ್ಯಾಗ್ ಹೊರೋಕಲ್ಲ. ಆ ಕ್ಯಾಡಿಯಣ್ಣ ಅವತ್ತೂ ಇರ್ತಾರಾ ಅಂತ ಕೇಳಿದೀನಿ, ಇರ್ತಾರಂತೆ. ಮಿಲ್ಟ್ರಿ ಸಾಹೇಬ್ರ ಮೂರನೇ ಪಟ್ ಕಥೆ ಅವರಿಗೆ ನೀನೇ ಹೇಳ್ಬೇಕು, ನಾನು ಹೇಳಿದ್ರೆ ನಗು ಬರಲ್ಲ.

ಬರ್ತೀಯಾ?

ನಿನ್ನ
ಒಂಟಿ ಐರನ್